ಹೈಟೆನ್ಷನ್ ಸಿದ್ದಯ್ಯನ ಸೈಕಲ್ಲು

ಹೊನ್ನವಳ್ಳಿಯ ರೇವಣಸಿದ್ದಯ್ಯನಿಗೆ ಬೆಳಗ್ಗೆ ಎದ್ದು ಸಿಟ್ಟು ಮಾಡಿಕೊಳ್ಳಲು ಕಾರಣ ಬೇಕಾಗಿರಲಿಲ್ಲ. ಹಾಲಿನವನು ತಡವಾಗಿ ಬಂದರೆ ತಡ ಮಾಡಿದನೆಂದು ಸಿಟ್ಟು, ಬೇಗ ಬಂದರೆ ನೀರು ಬೆರೆಸಿ ಓಡಿ ಬಂದಿದ್ದಾನೆಂದು ಸಿಟ್ಟು. ಮೂವತ್ತಮೂರು ವರ್ಷ ಲೈನ್‌ಮನ್ ಕೆಲಸ ಮಾಡಿ ನಿವೃತ್ತನಾದವನು. ಕಂಬ ಹತ್ತಿ ನಿಂತರೆ ಕೆಳಗೆ ಊರೆಲ್ಲ ಕಾಣುತ್ತಿತ್ತು. ಯಾರ ಮನೆಯವರು ತಂತಿಗೆ ಕೊಕ್ಕೆ ಹಾಕಿ ಪುಕ್ಕಟೆ ಕರೆಂಟು ಎಳೆದಿದ್ದಾರೆ ಎಂಬುದೂ ಕಾಣುತ್ತಿತ್ತು. ಕಂಡದ್ದನ್ನು ಅವನು ಕೆಳಗಿಳಿದು ಹೇಳುವಷ್ಟು ತಾಳ್ಮೆಯವನಲ್ಲ, ಕಂಬದ ತುದಿಯಿಂದಲೇ ಹೆಸರು ಹಿಡಿದು ಕೂಗುತ್ತಿದ್ದ. ಊರು ಅವನಿಗೆ ಹೈಟೆನ್ಷನ್ ಸಿದ್ದಯ್ಯ ಎಂದು ಹೆಸರಿಟ್ಟಿತು. ಎದುರಿಗೆ ಮಾತ್ರ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಅಷ್ಟರ ಮಟ್ಟಿಗೆ ಊರಿಗೆ ಬುದ್ಧಿ ಇತ್ತು.

ಅವನ ಸಿಟ್ಟಿಗೆ ಒಂದು ಮರ್ಯಾದೆ ಇತ್ತು ಎಂಬುದನ್ನೂ ಹೇಳಿಬಿಡಬೇಕು. ಕೈ ಚಾಚಿದವನಲ್ಲ. ಮಳೆಗಾಳಿಗೆ ತೆಂಗಿನ ಗರಿ ಬಿದ್ದು ತಂತಿ ಹರಿದರೆ, ರಜೆಯ ದಿನವಾದರೂ ಬೈದುಕೊಂಡೇ ಹೋಗಿ ಕಟ್ಟಿ ಬರುತ್ತಿದ್ದ. ತಾನು ಬೈದರೆ ಅದರಲ್ಲಿ ನ್ಯಾಯ ಇದ್ದೇ ಇರುತ್ತದೆ ಎಂದು ಅವನು ನಂಬಿದ್ದ. ಊರೂ ಹೆಚ್ಚುಕಡಿಮೆ ನಂಬಿತ್ತು. ಮುಂದೆ ಆದ ಅನಾಹುತಕ್ಕೆ ಈ ನಂಬಿಕೆಯೇ ಮೂಲ.

ಕಂಬ ಹತ್ತಿ ಇಳಿದು ಅವನ ಸೊಂಟದ ಮೇಲಿನ ಮೂಳೆ ಸವೆದಿತ್ತು. ತೆಂಗಿನ ತೋಟ ಊರಿಂದ ಎರಡು ಕಿಲೋಮೀಟರು. ಅದಕ್ಕೆ ಹೋಗುವ ದಾರಿಯನ್ನು ದಾರಿ ಎಂದು ಕರೆದವನ ನಾಲಗೆ ದೊಡ್ಡದು. ಮೊದಲು ಬಂಡೆ, ಆಮೇಲೆ ಮಳೆನೀರು ಕೊರೆದ ಕೊರಕಲು, ಕೊನೆಗೆ ಹಳ್ಳಕ್ಕೆ ಇಳಿಯುವ ಕಡಿದಾದ ಇಳಿಜಾರು. ಮೊಪೆಡ್ಡಿನ ಮೇಲೆ ಕೂತು ಹೋದರೆ ಪ್ರತಿ ಕಲ್ಲಿಗೂ ಕಣ್ಣಲ್ಲಿ ನೀರು ಬರುತ್ತಿತ್ತು. ತುಮಕೂರಿನ ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿ, ಇನ್ನು ಗಾಡಿ ಬಿಡಿ, ತೋಟ ಯಾರಿಗಾದರೂ ಗುತ್ತಿಗೆಗೆ ಕೊಡಿ ಎಂದರು.

"ತೋಟ ಗುತ್ತಿಗೆಗೆ ಕೊಟ್ಟು ನಾನೇನು ಜಗಲಿ ಮೇಲೆ ಕೂತು ನೊಣ ಹೊಡೀಲಾ?" ಎಂದು ಸಿದ್ದಯ್ಯ ಅಲ್ಲೇ ಕೂಗಿದ. ಹೊರಗೆ ಕಾಯುತ್ತಿದ್ದ ರೋಗಿಗಳೆಲ್ಲ ಒಮ್ಮೆಗೇ ಎದ್ದು ನಿಂತರಂತೆ. ಹೆಂಡತಿ ಗುರುಶಾಂತಮ್ಮ ಅವನ ತೋಳು ಹಿಡಿದು ಈಚೆಗೆ ಎಳೆದುಕೊಂಡು ಬಂದಳು.

ಆ ಸಿಟ್ಟಿನಲ್ಲೇ ಅವನು ಫೋನಿನಲ್ಲಿ ಹುಡುಕತೊಡಗಿದ್ದು. ಬೆನ್ನು ಕುಲುಕದೆ ಕಲ್ಲಿನ ಮೇಲೆ ಹೋಗುವ ಗಾಡಿ ಯಾವುದಾದರೂ ಇದೆಯೇ ಎಂದು. ಒಂದು ದಿನ ಯಾವುದೋ ದೇಶದ ನರೆಗಡ್ಡದ ಮುದುಕನೊಬ್ಬ ಸೈಕಲ್ಲಿನಲ್ಲಿ ಬಂಡೆಗಳ ಮೇಲೆ ಇಳಿದು ಬರುವುದು ಕಾಣಿಸಿತು. ಚಕ್ರಗಳು ಎದ್ದು ಬಿದ್ದು ಕುಣಿಯುತ್ತಿವೆ, ಮುದುಕ ಮಾತ್ರ ಮಜ್ಜಿಗೆ ಕುಡಿಯಲು ಹೊರಟವನಂತೆ ಕೂತಿದ್ದಾನೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಕುಲುಕು ನುಂಗುವ ಸಸ್ಪೆನ್ಷನ್ ಇರುವ ಆ ಜಾತಿಗೆ ಫುಲ್ ಸಸ್ಪೆನ್ಷನ್ ಮೌಂಟನ್ ಬೈಕ್ ಎನ್ನುತ್ತಾರೆ ಎಂದು ಸಿದ್ದಯ್ಯ ತಿಳಿದುಕೊಂಡ. ಅರ್ಧ ತಿಳಿದುಕೊಂಡ ಎನ್ನಬೇಕು. ಮರುವಾರವೇ ಒಂದು ದೊಡ್ಡ ಅಂಗಡಿಗೆ ಹೋಗಿ, ನಡುವೆ ದಪ್ಪ ಸ್ಪ್ರಿಂಗು ಇಟ್ಟು ಕೆಂಪು ಬಣ್ಣ ಬಳಿದಿದ್ದ ಒಂದನ್ನು ಹೊತ್ತು ತಂದ.

ಅದು ಹೊತ್ತು ತರಲು ಮಾತ್ರ ಲಾಯಕ್ಕಾದ ಸೈಕಲ್ಲು. ಎಲ್ಲಾ ಕಬ್ಬಿಣ. ತುಳಿದರೆ ಕಾಲಿನ ಅರ್ಧ ಬಲವನ್ನು ಆ ಸ್ಪ್ರಿಂಗೇ ತಿನ್ನುತ್ತಿತ್ತು. ಕಲ್ಲಿನ ಮೇಲೆ ಹತ್ತಿಸಿದರೆ ಹೋರಿಯ ಹಾಗೆ ಹಿಂಬದಿಯಿಂದ ಎತ್ತಿ ಹಾಕುತ್ತಿತ್ತು. ಎರಡನೇ ವಾರಕ್ಕೆ ಕೀಲು ಸಡಿಲಾಗಿ ಕಿರುಗುಟ್ಟಲು ಶುರುವಾಯಿತು. ಸಿದ್ದಯ್ಯ ಅಂಗಡಿಗೆ ವಾಪಸು ಹೋಗಿ ಬಾಯಿಗೆ ಬಂದದ್ದೆಲ್ಲ ಬೈದ. ಅಂಗಡಿಯವನು ಬಿಲ್ಲಿನ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ಅಚ್ಚಾಗಿದ್ದ, ಮಾರಿದ ಮಾಲು ವಾಪಸಿಲ್ಲ ಎಂಬ ಸಾಲನ್ನು ತೋರಿಸಿ, ಬೇರೆ ಗಿರಾಕಿಯ ಕಡೆ ತಿರುಗಿಕೊಂಡ. ಇಂಥ ಅಂಗಡಿಯವರಿಗೆ ಬೈದರೂ ಒಂದೇ, ಗೋಡೆಗೆ ಬೈದರೂ ಒಂದೇ.

ಕೊನೆಗೆ ಅವನು ಆ ಕೆಂಪು ಗಾಡಿಯನ್ನು ತಿಪಟೂರಿಗೆ, ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯ ಅಫ್ಜಲನ ಅಂಗಡಿಗೆ ತಂದು ಎಸೆದ.

ಅಫ್ಜಲ್‌ಗೆ ನಲವತ್ತೆರಡು ವರ್ಷ. ಅಪ್ಪನ ಕಾಲದಿಂದ ಬಂದ ಸೈಕಲ್ ರಿಪೇರಿ ಅಂಗಡಿ. ಅಪ್ಪ ಪಂಕ್ಚರ್ ಹಾಕುವುದರಲ್ಲೇ ಆಯಸ್ಸು ಕಳೆದ. ಮಗ ಗೇರು, ಡಿಸ್ಕ್ ಬ್ರೇಕು, ಸ್ಪ್ರಿಂಗಿನ ಬದಲು ಗಾಳಿ ತುಂಬುವ ಶಾಕು ಎಲ್ಲವನ್ನೂ ಬಿಚ್ಚಿ ಕಟ್ಟುವುದು ಕಲಿತ. ಹಾಸನ, ತುಮಕೂರಿನ ಸವಾರರೂ ಅವನಲ್ಲಿಗೆ ಬರುತ್ತಿದ್ದರು. ಇಪ್ಪತ್ತು ವರ್ಷದ ಹಿಂದೆ ರಂಜಾನ್ ಹಬ್ಬದ ಮುನ್ನಾದಿನ ಆ ಬೀದಿಯ ತಂತಿ ಸುಟ್ಟು ಕರೆಂಟು ಹೋಗಿತ್ತು. ತನ್ನ ಪಾಳಿ ಅಲ್ಲದಿದ್ದರೂ ಸಿದ್ದಯ್ಯ ಇಡೀ ಇಲಾಖೆಗೆ ಶಾಪ ಹಾಕುತ್ತ ಬಂದು ಕಂಬ ಹತ್ತಿ ಸರಿ ಮಾಡಿದ್ದ. ಅಂದಿನಿಂದ ಅಫ್ಜಲ್‌ಗೆ ಅವನು ಅಣ್ಣ.

ಕೆಂಪು ಸೈಕಲ್ಲನ್ನು ಎರಡು ಸಲ ಒತ್ತಿ ನೋಡಿ ಅಫ್ಜಲ್ ನಕ್ಕ. "ಅಣ್ಣ, ಇದು ಸೈಕಲ್ ಅಲ್ಲ. ಚಕ್ರ ಇಟ್ಟಿರೋ ಸ್ಪ್ರಿಂಗ್ ಮಂಚ. ಮಾರ್ಬುಡಿ."

"ನಗಬ್ಯಾಡ ಕಣ್ಲಾ. ಮೈಯೆಲ್ಲ ಉರೀತೈತೆ ನಂಗೆ."

"ನಿಮಗೆ ಬೆಟ್ಟದಿಂದ ಹಾರೋ ಗಾಡಿ ಬ್ಯಾಡ ಅಣ್ಣ. ಹಿಂದೆ ಮುಂದೆ ಚಕ್ರ ನೂರಿಪ್ಪತ್ತು ಮಿಲಿಮೀಟರ್ ಮೇಲೆ ಕೆಳಗೆ ಆಡಿದ್ರೆ ಸಾಕು. ಅಲ್ಯೂಮಿನಿಯಂ ಫ್ರೇಮು, ಗಾಳಿ ಶಾಕು. ಫ್ರೇಮ್ ಒಂದು ಅಳತೆ ದೊಡ್ಡದಾದ್ರೂ ನೀವು ಬಗ್ಬೇಕಾಯ್ತದೆ, ಬೆನ್ನು ಹೋಯ್ತದೆ. ಅರ್ಜೆಂಟ್ ಮಾಡಬ್ಯಾಡಿ. ಹಳೇದು ಸಿಕ್ಕುತ್ತೆ, ನಾನು ನೋಡ್ತೀನಿ."

ನಾಲ್ಕು ತಿಂಗಳು ಹುಡುಕಿದ. ಹನ್ನೊಂದು ಗಾಡಿ ಬೇಡವೆಂದ. ಒಂದರ ಫ್ರೇಮಿನಲ್ಲಿ ಕೂದಲೆಳೆಯಷ್ಟು ಸೀಳು, ಇನ್ನೊಂದರ ಶಾಕು ಸೋರುತ್ತಿತ್ತು. ಪ್ರತಿ ಸಲ ಸಿದ್ದಯ್ಯ ಫೋನಿನಲ್ಲಿ ಕೂಗಾಡಿದ, ಪ್ರತಿ ಸಲ ಅಫ್ಜಲ್ "ತಾಳಿ ಅಣ್ಣ" ಎಂದ. ಕಡೆಗೆ ಸಕಲೇಶಪುರದ ಎಸ್ಟೇಟಿನವರೊಬ್ಬರು ಆಸೆಗೆ ಕೊಂಡು, ಎರಡು ಸಲ ಹತ್ತಿ, ಗೋಡೆಗೆ ಒರಗಿಸಿಬಿಟ್ಟಿದ್ದ ಬೂದು ಬಣ್ಣದ ಗಾಡಿ ಸಿಕ್ಕಿತು. ಅದಕ್ಕೆ ಎಷ್ಟು ಕೊಟ್ಟೆ ಎಂಬುದನ್ನು ಸಿದ್ದಯ್ಯ ಗುರುಶಾಂತಮ್ಮನಿಗೂ ಹೇಳಲಿಲ್ಲ.

ಗಾಡಿ ಬಂದ ದಿನ ಅಫ್ಜಲ್ ಅವನನ್ನು ಸೈಕಲ್ಲಿನ ಮೇಲೆ ಕೂರಿಸಿ, ಕೈ ಗೋಡೆಗೆ ಕೊಡಿಸಿ, ಅಂಗೈಯಗಲದ ಪಂಪಿನಿಂದ ಶಾಕಿಗೆ ಗಾಳಿ ತುಂಬಿದ. ಸವಾರ ಕೂತಾಗ ಶಾಕು ಕಾಲು ಭಾಗ ತಗ್ಗಬೇಕು. ಹೆಚ್ಚು ತಗ್ಗಿದರೆ ಕಲ್ಲಿಗೆ ಬಡಿಯುತ್ತದೆ, ಕಡಿಮೆಯಾದರೆ ಬೆನ್ನಿಗೆ ಬಡಿಯುತ್ತದೆ. "ಕೋಪ ಮಾಡ್ಕೋಬ್ಯಾಡಿ ಅಣ್ಣ, ತೂಕ ಜಾಸ್ತಿ ತೋರಿಸ್ತೈತೆ" ಎಂದು ತಮಾಷೆ ಮಾಡುತ್ತ ಮೂರು ಸಲ ಇಳಿಸಿ ಹತ್ತಿಸಿ ಅಳೆದ. ಹ್ಯಾಂಡಲಿನ ಹಿಡಿಯನ್ನು ಬೆನ್ನು ಬಗ್ಗದಷ್ಟು ಎತ್ತರಿಸಿದ. ಜಾಲಿ ಮುಳ್ಳಿಗೆಂದು ಟ್ಯೂಬು ತೆಗೆದು ಟ್ಯೂಬ್‌ಲೆಸ್ ಮಾಡಿ, ಮುಳ್ಳು ಚುಚ್ಚಿದರೂ ತಾನೇ ತೂತು ಮುಚ್ಚಿಕೊಳ್ಳುವ ಹಾಲಿನಂಥ ದ್ರವ ಸುರಿದ.

ಮರುದಿನ ಸಿದ್ದಯ್ಯ ಬಂಡೆ ದಾಟಿದ, ಕೊರಕಲು ದಾಟಿದ, ಇಳಿಜಾರು ಇಳಿದು ಹಳ್ಳದ ಆಚೆ ತೋಟದಲ್ಲಿ ಕಾಲೂರಿದ. ಬೆನ್ನು ಮಾತಾಡಲಿಲ್ಲ. ನಂಬದೆ ವಾಪಸು ಹತ್ತಿ ಮತ್ತೊಮ್ಮೆ ಇಳಿದ. ಆಮೇಲೆ ತೆಂಗಿನ ಮರದ ಬುಡದಲ್ಲಿ ಒಂದು ಗಂಟೆ ಕೂತಿದ್ದ. ಆ ಒಂದು ಗಂಟೆ ಅವನಿಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಅಂಥ ಗಂಟೆ ತನ್ನ ಬದುಕಿನಲ್ಲಿ ಇನ್ನೊಂದು ಇತ್ತೇ ಎಂದು ಅವನಿಗೆ ನೆನಪಾಗಲಿಲ್ಲ.

ಎರಡು ವರ್ಷ ಹಾಗೆ ಹೋಯಿತು. ಊರು ನಕ್ಕಿತು, ಅರವತ್ತರ ಮೇಲೆ ಇವನಿಗೇನು ಕೇಡು ಎಂದಿತು, ಆಮೇಲೆ ಸುಮ್ಮನಾಯಿತು. ಕಳೆದ ದಸರೆಗೆ ಒಂದು ವಾರ ಇರುವಾಗ ಅಫ್ಜಲ್ ಬ್ರೇಕು ನೋಡಿ, ಪ್ಯಾಡು ಸವೆದಿದೆ ಎಂದು ಮುಂದೆ ಹಿಂದೆ ಎರಡಕ್ಕೂ ಹೊಸದು ಹಾಕಿದ. ಚಕ್ರದ ನಡುವಿನ ಉಕ್ಕಿನ ತಟ್ಟೆಯನ್ನು, ಅಂದರೆ ಡಿಸ್ಕನ್ನು, ಎರಡು ಕಡೆಯಿಂದ ಒತ್ತಿ ನಿಲ್ಲಿಸುವ ಚೂರುಗಳೇ ಪ್ಯಾಡು. ಕೂಲಿ ಬೇಡವೆಂದ, ಸಿದ್ದಯ್ಯ ಬೈದು ಕೊಟ್ಟ.

ಆಯುಧಪೂಜೆ ಬಂತು. ಇಲಾಖೆಯಲ್ಲಿದ್ದಾಗ ಆಯುಧಪೂಜೆ ಎಂದರೆ ಲೈನ್‌ಮನ್‌ಗಳ ಹಬ್ಬ. ಇಕ್ಕಳ, ಸ್ಪ್ಯಾನರು, ಸೊಂಟದ ಪಟ್ಟಿಯ ಕೊಂಡಿ, ಎಲ್ಲವನ್ನೂ ತೊಳೆದು, ತುಕ್ಕು ಹಿಡಿಯದಂತೆ ಮನೆಯ ಕೊಬ್ಬರಿ ಎಣ್ಣೆ ಸವರಿ, ಸಾಲಾಗಿ ಜೋಡಿಸಿ ವಿಭೂತಿ ಇಡುತ್ತಿದ್ದರು. ಆ ಕೈ ಆ ಕೆಲಸವನ್ನು ಮರೆಯಲಿಲ್ಲ. ಸಿದ್ದಯ್ಯ ಸೈಕಲ್ಲನ್ನು ಅಂಗಳದಲ್ಲಿ ತೊಳೆದ. ಗುರುಶಾಂತಮ್ಮ ಗಾಣದ ಎಣ್ಣೆಯನ್ನು ಬಟ್ಟಲಿಗೆ ಬಗ್ಗಿಸಿ ಕೊಟ್ಟಳು. ಹಳೇ ಪಂಚೆಯ ತುಂಡು ಅದ್ದಿ, ಹೊಳೆಯುವ ಲೋಹ ಎಲ್ಲೆಲ್ಲಿ ಕಂಡಿತೋ ಅಲ್ಲೆಲ್ಲ ಭಕ್ತಿಯಿಂದ ತಿಕ್ಕಿದ. ಎರಡು ಡಿಸ್ಕುಗಳು ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತಿದ್ದವು. ಅವಕ್ಕೆ ಎರಡೆರಡು ಸಲ ತಿಕ್ಕಿದ. ಮುಂದಿನ ಚಕ್ರ ಹಿಡಿದ ಫೋರ್ಕಿಗೆ ಮೂರು ಪಟ್ಟೆ ವಿಭೂತಿ ಎಳೆದು, ಸೇವಂತಿಗೆ ಹಾರ ಹಾಕಿ, ಕೈ ಮುಗಿದ. ಹಬ್ಬದ ಎರಡು ದಿನ ಗಾಡಿ ಅಲ್ಲಾಡಲಿಲ್ಲ.

ಮೂರನೇ ದಿನ ಇಳಿಜಾರಿನಲ್ಲಿ ಬ್ರೇಕು ಹಿಡಿದ. ಹಿಡಿಯಿತು ಎಂದುಕೊಂಡ, ಹಿಡಿಯಲಿಲ್ಲ. ಎರಡು ಕೈಯಲ್ಲೂ ಉಸಿರು ಕಟ್ಟಿ ಒತ್ತಿದ. ಗಾಡಿ ಕಿರುಚಿಕೊಂಡು ಕೆಳಗೆ ಓಡಿತು. ಹಳ್ಳದ ಅಂಚಿನ ತೆಂಗಿನ ಮಟ್ಟೆಯ ರಾಶಿಗೆ ನುಗ್ಗಿ ಸಿದ್ದಯ್ಯ ಅಂಗಾತ ಬಿದ್ದ. ಮಣಿಕಟ್ಟು ಊದಿತು. ಎರಡು ವರ್ಷ ಸುಮ್ಮನಿದ್ದ ಬೆನ್ನು ಒಮ್ಮೆಗೇ ಬಾಯಿ ಬಿಟ್ಟಿತು. ಮಲಗಿದಲ್ಲೇ ಅವನಿಗೆ ಮೊದಲು ಹೊಳೆದದ್ದು ಹೊಸ ಪ್ಯಾಡು. ಅದನ್ನು ಹಾಕಿದವನು ಅಫ್ಜಲ್.

"ಅಫ್ಜಲ್ ಅಂಗೆ ಮಾಡೋನಲ್ಲ ಕಣ್ರೀ" ಎಂದಳು ಗುರುಶಾಂತಮ್ಮ, ಮಣಿಕಟ್ಟಿಗೆ ಬಟ್ಟೆ ಸುತ್ತುತ್ತ.

"ನಿಂಗೇನೇ ಗೊತ್ತು ಬ್ರೇಕು!" ಎಂದು ಅವನು ಊಟದ ತಟ್ಟೆ ತಳ್ಳಿ ಎದ್ದ.

ಬೆಳಗ್ಗೆ ಸೈಕಲ್ಲನ್ನು ಲಗೇಜ್ ಆಟೋಗೆ ಹಾಕಿಸಿ ತಿಪಟೂರಿಗೆ ಬಂದ. ಬೀದಿಯಲ್ಲಿ ಜನ ತುಂಬಿದ್ದರು. ಮೂವತ್ತಮೂರು ವರ್ಷ ಕಂಬದ ಮೇಲಿಂದ ಕೂಗಿದ ಗಂಟಲು ಅದು.

"ಲೇ ಅಫ್ಜಲ್! ಬಾರ್ಲಾ ಈಚೆಗೆ! ಯಾವ ಕಳ್ಳ ಮಾಲು ತುಂಬಿದ್ಯಲಾ ಬ್ರೇಕಿಗೆ? ಸಾಯಿಸಬೇಕು ಅಂತಿದ್ಯಾ ನನ್ನ? ನಂಬ್ಕೊಂಡು ಬಂದೋರಿಗೆಲ್ಲ ಇಂಗೇ ಮಾಡೋದಾ ನೀನು?"

ಅಫ್ಜಲ್ ಕೈಯ ಗ್ರೀಸು ಒರೆಸಿಕೊಳ್ಳುತ್ತ ಬಂದ. ಊದಿದ ಮಣಿಕಟ್ಟು ನೋಡಿ ಅವನ ಮುಖ ಬಿಳಿಚಿಕೊಂಡಿತು. ಬಗ್ಗಿ ಡಿಸ್ಕು ಮುಟ್ಟಿ, ಬೆರಳನ್ನು ಮೂಗಿನ ಹತ್ತಿರ ತಂದ. "ಅಣ್ಣ, ಒಂದ್ನಿಮಿಷ, ಇಲ್ಲಿ ನೋಡಿ" ಎನ್ನುವಷ್ಟರಲ್ಲಿ ಸಿದ್ದಯ್ಯ ಸೈಕಲ್ಲು ಕಿತ್ತುಕೊಂಡ.

"ಮುಟ್ಟಬ್ಯಾಡ! ನಿನ್ನ ಮುಖ ನೋಡಾಕೆ ಬಂದಿಲ್ಲ ನಾನು. ಹತ್ತು ಜನಕ್ಕೆ ಗೊತ್ತಾಗ್ಲಿ ಅಂತ ಬಂದಿವ್ನಿ!"

ಹತ್ತು ಜನಕ್ಕೇನು, ಮೂರು ತಾಲ್ಲೂಕಿಗೆ ಗೊತ್ತಾಯಿತು. ಎದುರುಗಡೆ ಮೊಬೈಲ್ ಅಂಗಡಿ ಇಟ್ಟಿದ್ದವನು ಕಲ್ಲೇಶ್, ಗುರುಶಾಂತಮ್ಮನ ತಮ್ಮ. ಮೊದಲ ಕೂಗಿಗೇ ಫೋನು ಎತ್ತಿ ಹಿಡಿದಿದ್ದ. ಸಂಜೆಯ ಹೊತ್ತಿಗೆ ಆ ವಿಡಿಯೋ ನೊಣವಿನಕೆರೆ, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಗುಂಪುಗಳಲ್ಲೆಲ್ಲ ಓಡಾಡುತ್ತಿತ್ತು. ಕೆಳಗೆ ಕಲ್ಲೇಶ್ ಒಂದು ಸಾಲು ಸೇರಿಸಿದ್ದ: ನಂಬಿ ಹೋದವರಿಗೆ ಇವರು ಮಾಡುವುದೇ ಇದು, ನಮ್ಮವರು ಇನ್ನಾದರೂ ಎಚ್ಚರವಾಗಿ.

ಎರಡು ದಿನ ಸಿದ್ದಯ್ಯನಿಗೆ ಹೋದಲ್ಲೆಲ್ಲ ಉಪಚಾರ. ಚಹಾದಂಗಡಿಯಲ್ಲಿ ಒಬ್ಬ ಎದ್ದು ಜಾಗ ಬಿಟ್ಟ. ಇನ್ನೊಬ್ಬ ಹತ್ತಿರ ಜರುಗಿ ಕೂತ. "ಆ ಜನಾನೇ ಅಂಗೆ ಬುಡಿ ಸಿದ್ದಣ್ಣ. ನಾವು ಮನಸ್ನಾಗೆ ಇಟ್ಕೊಂಡಿದ್ವಿ, ನೀವು ಗಟ್ಟಿಯಾಗಿ ಹೇಳಿದ್ರಿ."

ಸಿದ್ದಯ್ಯನ ಕೈಯಲ್ಲಿದ್ದ ಲೋಟ ತುಟಿಯವರೆಗೆ ಬಂದು ನಿಂತಿತು. ಅವನು ಬೈದದ್ದು ಬ್ರೇಕಿಗೆ, ಒಬ್ಬ ಮೆಕ್ಯಾನಿಕ್ಕಿಗೆ. ಜನ ಎಂಬ ಮಾತು ಅವನ ಬಾಯಲ್ಲಿ ಬಂದಿರಲಿಲ್ಲ. ಕೊಕ್ಕೆ ಹಾಕಿದವನಿಗೆ ಮೂವತ್ತಡಿ ಮೇಲಿಂದ ಬೈಯುತ್ತಿದ್ದ ಮಹಾಶಯ, ಮೊಳದ ದೂರದಲ್ಲಿ ಕೂತು ಇಷ್ಟು ಹೊಲಸು ಆಡಿದವನಿಗೆ ಒಂದು ಮಾತು ಹೇಳಲಿಲ್ಲ. ಚಹಾ ಕುಡಿದು ಎದ್ದು ಬಂದ. ಜಾಗ ಬಿಟ್ಟುಕೊಟ್ಟವರ ಮುಂದೆ ಬೈಯಲು ಅವನಿಗೂ ಮನಸ್ಸು ಬರಲಿಲ್ಲ ಎನ್ನೋಣ. ಬೇರೆ ಏನು ಹೇಳಿಯೂ ಅದನ್ನು ಮುಚ್ಚುವ ಹಾಗಿಲ್ಲ.

ಸೈಕಲ್ಲು ಜಗಲಿಯ ಮೂಲೆ ಸೇರಿತು. ಬೆನ್ನುನೋವಿಗೆ ಸಿದ್ದಯ್ಯ ಹಾಸಿಗೆ ಸೇರಿದ. ಕಾರ್ತಿಕ ಬಂದು ಚಳಿ ಬಿತ್ತು. ಒಂದು ಬೆಳಗ್ಗೆ ಗೋಡೆ ಹಿಡಿದು ಎದ್ದು ಬಂದವನು, ಧೂಳು ಹಿಡಿದ ಸೈಕಲ್ಲನ್ನು ಒರೆಸೋಣವೆಂದು ಕೂತ. ಡಿಸ್ಕಿನ ಸಾಲು ತೂತುಗಳಲ್ಲಿ ಬೆಳ್ಳಗೆ ಏನೋ ಕಟ್ಟಿಕೊಂಡಿತ್ತು. ಉಗುರಿನಿಂದ ಕೆರೆದ, ಮೇಣದ ಹಾಗಿತ್ತು. ಬೆರಳ ಬಿಸಿಗೆ ಕರಗಿತು.

ಹೆಪ್ಪುಗಟ್ಟಿದ ಎಣ್ಣೆಯ ಸೀಸೆಯನ್ನು ಬಿಸಿಲಿಗಿಡಲು ಗುರುಶಾಂತಮ್ಮ ಆಗ ತಾನೇ ಈಚೆಗೆ ಬಂದಳು. "ಅದ್ಯಾಕೆ ಅಂಗೆ ನೋಡ್ತಾ ಇದೀರಾ? ನೀವೇ ಹಚ್ಚಿದ್ದಲ್ವಾ ಹಬ್ಬದ ದಿವ್ಸ?"

"ಏನೇ ಹಚ್ಚಿದ್ದು?"

"ಎಣ್ಣೆ. ಒಂದು ಜಾಗ ಬುಡದಂಗೆ ತಿಕ್ಕಿದ್ರಿ. ಆ ತಟ್ಟೆಗಂತೂ ಎರಡೆರಡು ಸಲ."

ಸಿದ್ದಯ್ಯ ಬೆರಳನ್ನು ಮೂಗಿಗೆ ಹಿಡಿದ. ಅವನ ಮರದ ಕಾಯಿ, ಅವನ ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕೊಬ್ಬರಿ, ಅವನ ಊರಿನ ಗಾಣದ ಎಣ್ಣೆ. ಹುಟ್ಟಿದಾಗಿನಿಂದ ಗೊತ್ತಿದ್ದ ವಾಸನೆ. "ಬಿದ್ದ ದಿವ್ಸ ಯಾಕೆ ಹೇಳ್ಲಿಲ್ಲ ನೀನು?" ಎಂದು ಗುಡುಗಿದ.

"ಬಾಯಿ ತೆಗ್ಯಾಕೆ ಬುಟ್ರಾ ನೀವು?" ಗುರುಶಾಂತಮ್ಮ ಸೀಸೆಯನ್ನು ಕಟ್ಟೆಯ ಮೇಲೆ ಕುಕ್ಕಿದಳು. "ನಿಂಗೇನು ಗೊತ್ತು ಬ್ರೇಕು ಅಂದ್ರಿ. ಎಣ್ಣೆ ಇದ್ದ ಕಡೆ ಜಾರ್ತದೆ ಅನ್ನಾಕೆ ಬ್ರೇಕು ಓದ್ಕೊಂಡಿರ್ಬೇಕಾ? ನಲವತ್ತು ವರ್ಷದಿಂದ ನಿಮ್ ಕೂಗು ಕೇಳಿ ಕೇಳಿ ನಂಗೆ ಮಾತೇ ಸಾಕಾಗೈತೆ. ಹೋಗಿ, ಆ ಮನುಷ್ಯನ ಮುಂದೆ ಹೋಗಿ ಕೂಗಿ ಈಗ!"

ಅವಳು ಹಾಗೆ ಮಾತಾಡಿದ್ದು ಅದೇ ಮೊದಲು. ತನ್ನ ಮೇಲೇ ಬಂದ ಸಿಟ್ಟಿಗೆ ಏನು ಮಾಡಬೇಕೆಂಬ ಅಭ್ಯಾಸ ಅವನಿಗಿರಲಿಲ್ಲ. ಮತ್ತೆ ಲಗೇಜ್ ಆಟೋ ಕರೆಸಿದ.

ಅಫ್ಜಲನ ಅಂಗಡಿ ಅರ್ಧ ಆಗಿತ್ತು. ಸೈಕಲ್ಲುಗಳು ನಿಲ್ಲುತ್ತಿದ್ದ ಕಡೆ ಹೊಲಿಗೆ ಯಂತ್ರ ಬಂದಿತ್ತು. ಅಫ್ಜಲನ ಹೆಂಡತಿ ನಾಹಿದಾ ರವಿಕೆ ಹೊಲಿಯುತ್ತಿದ್ದವಳು ಇವನನ್ನು ಕಂಡು ಯಂತ್ರ ನಿಲ್ಲಿಸಿದಳು. ಅಫ್ಜಲ್ ಒಳಗೆ ಒಂದೇ ಒಂದು ಚಕ್ರವನ್ನು ತಿರುಗಿಸಿ ನೋಡುತ್ತ ಕೂತಿದ್ದ.

"ಡಿಸ್ಕಿಗೆ ಎಣ್ಣೆ ಹಚ್ಚಿದೋನು ನಾನೇ ಕಣ್ಲಾ" ಎಂದ ಸಿದ್ದಯ್ಯ, ಮೆಲ್ಲಗೆ.

"ಗೊತ್ತು."

"ಗೊತ್ತಾ? ಯಾವಾಗ?"

"ನೀವು ಕೂಗ್ತಿದ್ರಲ್ಲ, ಆವಾಗ್ಲೇ. ಕೊಬ್ಬರಿ ಎಣ್ಣೆ ವಾಸನೆ ತಿಪಟೂರಿನೋನಿಗೆ ಗೊತ್ತಾಗಲ್ವಾ?"

"ಮತ್ಯಾಕೆ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ?" ಅಫ್ಜಲ್ ಚಕ್ರವನ್ನು ಕೆಳಗಿಟ್ಟ. "ಸ್ಕೂಲಿನ ಹಾಸ್ಟೆಲ್ಲೋರು ವರ್ಷದ ರಿಪೇರಿ ಕೊಟ್ಟಿದ್ರು, ನಲವತ್ತು ಸೈಕಲ್ಲು. ಅರ್ಧ ಬಿಚ್ಚಿದ್ವು, ಅಂಗೇ ತುಂಬ್ಕೊಂಡು ಹೋದ್ರು. ಕಮಿಟಿಯೋರು ವಿಡಿಯೋ ನೋಡಿದ್ರಂತೆ. ಎಣ್ಣೆ ಅಂದೆ. ತಪ್ಪು ಮಾಡಿ ಹಿರಿಯೋರ ಮೇಲೆ ಹಾಕ್ತೀಯಾ ಅಂದ್ರು."

"ತಪ್ಪಾಯ್ತು ಕಣಪ್ಪ."

"ಬೈದಿದ್ದು ಬೀದೀಲಿ" ಎಂದಳು ನಾಹಿದಾ, ಬಟ್ಟೆಯಿಂದ ಕಣ್ಣೆತ್ತದೆ. "ತಪ್ಪಾಯ್ತು ಅನ್ನೋದು ಒಳಗೆ."

ಸಿದ್ದಯ್ಯ ತಿರುಗಿ ಸೀದಾ ಬೀದಿಯ ನಡುವೆ ಬಂದು ನಿಂತ. "ಲೇ ಕಲ್ಲೇಶ! ಬಾರ್ಲಾ ಈಚೆಗೆ! ಅವತ್ತು ಎತ್ತಿದ್ಯಲ್ಲ ಫೋನು, ಇವತ್ತೂ ಎತ್ತು!"

ಕಲ್ಲೇಶ್ ಹಲ್ಲು ಕಿರಿಯುತ್ತ ಬಂದ. "ಭಾವ, ಒಳಗೆ ಬನ್ನಿ, ಕಾಫಿ ತರಿಸ್ತೀನಿ. ಬೀದೀಲಿ ಯಾಕೆ?"

"ಅವತ್ತು ಬೀದಿ ಇರ್ಲಿಲ್ವಾ? ಎಣ್ಣೆ ಹಚ್ಚಿದೋನು ನಾನು ಕಣ್ಲಾ. ನನ್ನ ಕೈಯಾರೆ. ಅವನು ಹಾಕಿದ ಪ್ಯಾಡು ಚಿನ್ನದಂಗಿತ್ತು. ತೆಗಿ ವಿಡಿಯೋ!"

"ಮುಗ್ದೋದ ವಿಷ್ಯ ಬುಡಿ ಭಾವ. ಈಗ ನೀವೇ ತಪ್ಪು ಅಂದ್ರೆ ನಮ್ಮೋರ ಮರ್ಯಾದೆ ಏನಾಯ್ತದೆ?"

"ಯಾರ್ಲಾ ನಿಮ್ಮೋರು?" ಆ ಕೂಗಿಗೆ ಬಸ್ ಸ್ಟ್ಯಾಂಡಿನಿಂದಲೂ ಜನ ತಿರುಗಿದರು. "ನಾನು ಬೈದಿದ್ದು ಒಂದು ಬ್ರೇಕಿಗೆ. ಅದ್ರ ಕೆಳಗೆ ಒಂದು ಜನಾನೇ ಸೇರ್ಸಿ ಬರ್ದೋನು ನೀನು! ನನ್ನ ಬಾಯಿ ಬಾಡಿಗೆಗೆ ಕೊಟ್ಟಿದ್ನೇನ್ಲಾ ನಿಂಗೆ? ನಾನೂ ದೊಡ್ಡ ಮನುಷ್ಯ ಕಣೋ, ಚಾ ಅಂಗಡೀಲಿ ಕೇಳ್ಕೊಂಡು ಸುಮ್ನೆ ಎದ್ದು ಬಂದೆ. ಥೂ ನನ್ನ ಜನ್ಮಕ್ಕೆ! ಎಲ್ರೂ ಕೇಳಿ. ಅಫ್ಜಲ್ ತಪ್ಪು ಮಾಡಿಲ್ಲ. ಹೊನ್ನವಳ್ಳಿ ರೇವಣಸಿದ್ದಯ್ಯ ಬ್ರೇಕಿಗೆ ಕೊಬ್ಬರಿ ಎಣ್ಣೆ ಹಚ್ಚಿ ಬಿದ್ದ, ಬಿದ್ದು ಸುಳ್ಳು ಹೇಳ್ದ!"

ಜನ ಗೊಳ್ಳೆಂದು ನಕ್ಕರು. ಬ್ರೇಕಿಗೆ ಕೊಬ್ಬರಿ ಎಣ್ಣೆ! ಹತ್ತಾರು ಫೋನು ಎದ್ದವು. ನಕ್ಕರೆ ನಗಲಿ ಎಂದುಕೊಂಡು ಸಿದ್ದಯ್ಯ ಇನ್ನೂ ಎರಡು ಸಲ ಕೂಗಿ ಹೇಳಿದ. ಅಫ್ಜಲ್ ಹೊಸಿಲಲ್ಲಿ ನಿಂತು ಕೇಳಿದ. ಆಮೇಲೆ ಸೈಕಲ್ಲನ್ನು ಒಳಗೆ ತೆಗೆದುಕೊಂಡು, ವಾರ ಬಿಟ್ಟು ಬನ್ನಿ ಎಂದ.

ಆ ವಾರದಲ್ಲಿ ಸಿದ್ದಯ್ಯನಿಗೆ ಒಂದು ವಿಷಯ ಅರ್ಥವಾಯಿತು. ಈ ವಿಡಿಯೋವೂ ಓಡಿತು, ಆದರೆ ಎಂಟು ಸೆಕೆಂಡು ಮಾತ್ರ. ಯಾರೋ ಕತ್ತರಿಸಿ, ಕೊಬ್ಬರಿ ಎಣ್ಣೆ ತಾತ ಎಂದು ಹೆಸರಿಟ್ಟು, ಹಿಂದೆ ಡೋಲು ಬಡಿಸಿದ್ದರು. ಅಫ್ಜಲನ ಹೆಸರು ಅದರಲ್ಲಿ ಇರಲೇ ಇಲ್ಲ. ಮೊದಲನೆಯದು ಇಡಿಯಾಗಿ, ಕೆಳಗಿನ ಸಾಲಿನ ಸಮೇತ, ಇನ್ನೂ ಓಡಾಡುತ್ತಲೇ ಇತ್ತು.

ಅವನು ಬಸ್ಸು ಹತ್ತಿದ. ನೋಯುವ ಬೆನ್ನಿಗೆ ಪಟ್ಟಿ ಬಿಗಿದುಕೊಂಡು ನೊಣವಿನಕೆರೆಗೆ ಹೋದ, ತುರುವೇಕೆರೆಗೆ ಹೋದ, ಚಿಕ್ಕನಾಯಕನಹಳ್ಳಿಗೆ ಹೋದ. ಚಹಾದಂಗಡಿ, ಕ್ಷೌರದಂಗಡಿ, ಕೊಬ್ಬರಿ ವ್ಯಾಪಾರಿಗಳ ಮಂಡಿ, ಎಲ್ಲಿ ನಾಲ್ಕು ಜನ ಕಂಡರೂ ನಿಂತು ಹೇಳಿದ. ಕೆಲವರು ತಾತ ಎಂದು ಗುರುತು ಹಿಡಿದು ಜೊತೆಗೆ ಫೋಟೋ ತೆಗೆಸಿಕೊಂಡರು. ಕೆಲವರು "ಹೋಗ್ಲಿ ಬುಡಿ ಯಜಮಾನ್ರೇ, ಅವರೇನು ಸಾಚಾನಾ?" ಎಂದರು. ಅಂಥವರಿಗೆ ಅವನು ಈ ಸಲ ಸುಮ್ಮನೆ ಎದ್ದು ಬರಲಿಲ್ಲ, ಎರಡು ಕಡೆ ಕೊರಳಪಟ್ಟಿ ಹಿಡಿಯುವ ತನಕ ಹೋಯಿತು. ಸ್ಕೂಲಿನ ಕಮಿಟಿಯ ಅಧ್ಯಕ್ಷರು ಕೂರಿಸಿ, ಕೇಳಿ, ನೀರು ಕೊಟ್ಟು, ಮುಂದಿನ ವರ್ಷ ನೋಡೋಣ ಎಂದರು. ಸೈಕಲ್ಲುಗಳನ್ನು ಆಗಲೇ ಬೇರೆಯವರಿಗೆ ಕೊಟ್ಟಾಗಿತ್ತು.

ವಾರ ಕಳೆದು ಅಂಗಡಿಗೆ ಹೋದಾಗ ಸೈಕಲ್ಲು ತೊಳೆದು ನಿಂತಿತ್ತು. ಎಣ್ಣೆ ಕುಡಿದ ಪ್ಯಾಡು ಎಸೆದು ಹೊಸದು ಹಾಕಿದ್ದ, ಡಿಸ್ಕನ್ನು ಸ್ಪಿರಿಟ್ಟಿನಲ್ಲಿ ಒರೆಸಿದ್ದ. ಕೆಲಸದಲ್ಲಿ ಒಂದು ಕೂದಲಿನಷ್ಟೂ ಕೊರತೆ ಇರಲಿಲ್ಲ. ಅಫ್ಜಲ್ ಹಿಡಿ ತಿರುಗಿಸಿ ಅವನ ಕೈಗೆ ಕೊಟ್ಟ.

"ಆಯ್ತು ಸಾರ್. ಬ್ರೇಕ್ ಚೆನ್ನಾಗಿ ಹಿಡಿಯುತ್ತೆ."

ಸಿದ್ದಯ್ಯ ಆ ಮಾತು ತನಗಲ್ಲವೇನೋ ಎಂದು ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. "ಸಾರ್ ಅಂತೀಯೇನ್ಲಾ ನನ್ನ?"

ಅಫ್ಜಲ್ ಕೈಯ ಗ್ರೀಸು ಒರೆಸಿಕೊಂಡ. ನಾಹಿದಾಳ ಯಂತ್ರ ಓಡುತ್ತಿತ್ತು.

"ಬೈಯಿ ಕಣ್ಲಾ ನನ್ನ" ಎಂದ ಸಿದ್ದಯ್ಯ. "ಸಿಟ್ಟೈತೆ ನಿಂಗೆ, ನಂಗ್ ಗೊತ್ತು. ನಾನು ಬೈದಂಗೇ ಬೀದೀಲಿ ನಿಲ್ಸಿ ಬೈದುಬುಡು. ಕೆನ್ನೆಗೊಂದು ಬಾರ್ಸು ಬೇಕಾದ್ರೆ. ನಿಂತ್ಕೊಂಡಿರ್ತೀನಿ."

ಅಫ್ಜಲ್ ಬೀದಿಯ ಆಚೆಗೆ ನೋಡಿದ. ಕಲ್ಲೇಶ್ ತನ್ನ ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದ. ಫೋನು ತೊಡೆಯ ಮೇಲಿತ್ತು.

"ನೀವು ಬೈದ್ರೆ ಹೈಟೆನ್ಷನ್ ಅಂತಾರೆ ಸಾರ್, ನಗ್ತಾರೆ, ಮರೀತಾರೆ" ಎಂದ ಅಫ್ಜಲ್, ಸ್ವಲ್ಪವೂ ದನಿ ಎತ್ತದೆ. "ನಾನು ಈ ಬೀದೀಲಿ ನಿಮ್ಮ ಮೇಲೆ ಒಂದು ಸಲ ಕೂಗಿದ್ರೆ, ನಾಳೆ ಈ ಅಂಗಡಿ ಇರಲ್ಲ."

ಅವನು ಒಳಗೆ ಹೋಗಿ, ಬಿಚ್ಚಿಟ್ಟಿದ್ದ ಚೈನಿನ ಮುಂದೆ ಕೂತ. ಸಿದ್ದಯ್ಯ ಸೈಕಲ್ಲನ್ನು ಬೀದಿಗೆ ಇಳಿಸಿ ನಿಂತ. ಬೀದಿಯಲ್ಲಿ ಆಟೋಗಳು ಹಾರ್ನ್ ಬಡಿಯುತ್ತಿದ್ದವು, ದಾರಿ ಬಿಡಿ ತಾತ ಎಂದು ಯಾರೋ ಕೂಗಿದರು. ಅವನು ಸೈಕಲ್ಲನ್ನು ಹತ್ತದೆ ತಳ್ಳಿಕೊಂಡು ಹೊನ್ನವಳ್ಳಿಯ ರಸ್ತೆ ಹಿಡಿದ.